ಹಳೇ ಬೇಸ್ ಆಂಪ್‌ನ ಗುಂಯ್ ಸದ್ದು: ಫಿಲ್ಟರ್ ಕೆಪಾಸಿಟರ್ ಟಿಪ್ಪಣಿ

ತೀರ್ಥಹಳ್ಳಿ ಕಡೆಯ ಮನೆಯೊಂದರ ಅಟ್ಟದಲ್ಲಿ ಏಳೆಂಟು ವರ್ಷ ಸುಮ್ನೆ ಕೂತಿದ್ದ ಟ್ರಾನ್ಸಿಸ್ಟರ್ ಬೇಸ್ ಆಂಪ್ ಈ ಮಳೆಗಾಲದಲ್ಲಿ ನನ್ನ ಮೇಜಿಗೆ ಬಂತು. ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ ಬೇಕಿತ್ತು. ಆನ್ ಮಾಡಿದರೆ ಒಂದೇ ಸಮನೆ ಗುಂಯ್. ನೋಡಿದವರೆಲ್ಲ "ಕಂಡೆನ್ಸರ್ ಹೋಗಿದೆ" ಎಂದರು, ಅಂದರೆ ಪವರ್ ಭಾಗದ ಏರಿಳಿತವನ್ನು ಸಪಾಟು ಮಾಡುವ ಫಿಲ್ಟರ್ ಕೆಪಾಸಿಟರ್ ಹಾಳಾಗಿದೆ ಎಂದು. ಅದು ನಿಜವೇ ಎಂದು ಬಿಚ್ಚುವ ಮುಂಚೆಯೇ ಕಿವಿಯಿಂದ ತಿಳಿಯಬಹುದು. ನನಗೆ ತುಂಬಾ ಇಷ್ಟವಾದ ಪಾಠ ಇದು.

ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುತ್ತದೆ. ಹಾಗಾಗಿ ಫಿಲ್ಟರ್ ಕೆಪಾಸಿಟರ್‌ಗೆ ಸೆಕೆಂಡಿಗೆ 100 ಉಬ್ಬುಗಳು ಬರುತ್ತವೆ. ಬೇಸ್ ಗಿಟಾರಿನ ಜಿ ತಂತಿಯನ್ನು ಒತ್ತದೆ ಮೀಟಿ. ಅದು 98 ಹರ್ಟ್ಸ್. ಗುಂಯ್ ಸದ್ದು ಅದಕ್ಕೆ ಹತ್ತಿರ ಹತ್ತಿರ ಹೊಂದಿದರೆ ಫಿಲ್ಟರ್ ಮೇಲೆ ಅನುಮಾನ. ಇ ತಂತಿಯ ಮೂರನೇ ಫ್ರೆಟ್‌ಗೆ, ಅಂದರೆ 49 ಹರ್ಟ್ಸ್‌ಗೆ ಹೊಂದಿದರೆ ಕೇಬಲ್, ಗ್ರೌಂಡ್ ಅಥವಾ ಪಿಕಪ್ (ತಂತಿಯ ಅದುರು ಹಿಡಿಯುವ ಗಿಟಾರಿನ ಕಾಯಿಲ್) ಕಡೆ ನೋಡಿ. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹಾಗೇ ಇದೆಯೇ? ಹಾಗಿದ್ದರೆ ತೊಂದರೆ ಪವರ್ ಭಾಗದಲ್ಲಿರುವ ಸಾಧ್ಯತೆ ಜಾಸ್ತಿ. ಇನ್ನೊಂದು ವಿಷಯ: ಟ್ರಾನ್ಸ್‌ಫಾರ್ಮರ್ ತಗಡುಗಳು ಅದುರಿದರೂ 100 ಹರ್ಟ್ಸ್ ಸದ್ದೇ ಬರುತ್ತದೆ. ಸ್ಪೀಕರ್ ತೆಗೆದ ಮೇಲೂ ಕೇಳಿಸಿದರೆ ಕೆಪಾಸಿಟರ್‌ನದು ತಪ್ಪಲ್ಲ.

ಕೆಪಾಸಿಟರ್ ಯಾಕೆ ಮುದಿಯಾಗುತ್ತದೆ? ಒಳಗೆ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ಆ ದ್ರಾವಣ ವರ್ಷಗಟ್ಟಲೆ ರಬ್ಬರ್ ಸೀಲ್ ಮೂಲಕ ಆವಿಯಾಗಿ ಹೋಗುತ್ತದೆ. ಒಳಗಿನ ತಡೆ ಏರುತ್ತದೆ, ಸಾಮರ್ಥ್ಯ ಇಳಿಯುತ್ತದೆ. ಮಲೆನಾಡಿನ ಥಂಡಿಗೇ ಹಾಳಾಯ್ತು ಅನ್ನುವುದುಂಟು. ಆದರೆ ಥಂಡಿ ತಿನ್ನುವುದು ಜಾಕ್, ಸ್ವಿಚ್, ಪಾಟ್‌ಗಳನ್ನು (ವಾಲ್ಯೂಮ್‌ನಂಥ ತಿರುಗುಗುಂಡಿಗಳನ್ನು). ಕೆಪಾಸಿಟರ್‌ಗೆ ಬಿಸಿಯೇ ಶತ್ರು. ಸುಮಾರು 10 ಡಿಗ್ರಿ ಬಿಸಿ ಏರಿದರೆ ಆಯುಷ್ಯ ಅರ್ಧ. ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಪಕ್ಕದಲ್ಲಿರುವುದು ಮೊದಲು ಒಣಗುತ್ತದೆ.

ತಲೆ ಉಬ್ಬಿದ್ದರೆ ಬದಲಿಸಿ, ಅದರಲ್ಲಿ ಚರ್ಚೆ ಇಲ್ಲ. ಬುಡದಲ್ಲಿ ಕಂದು ಅಂಟು ಕಂಡರೆ ಸೋರಿಕೆ ಎಂದುಕೊಳ್ಳಬೇಡಿ. ಅದು ಕಾರ್ಖಾನೆಯ ಗೋಂದೂ ಇರಬಹುದು. ಅಳತೆಯೇ ಸಾಕ್ಷಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಕೆಪಾಸಿಟರ್‌ನ ಎರಡು ಕಾಲಿಗೆ ಹಿಡಿಯಿರಿ. ಸದ್ದಿಲ್ಲದ ಹೊತ್ತಿನಲ್ಲಿ ಆಂಪ್ 0.1 ಆಂಪಿಯರ್ ಎಳೆಯುತ್ತದೆ ಎನ್ನೋಣ. 4700 ಮೈಕ್ರೋಫ್ಯಾರಡ್‌ನ ಒಳ್ಳೆಯ ಕೆಪಾಸಿಟರ್‌ನಲ್ಲಿ ಏರಿಳಿತ ತುದಿಯಿಂದ ತುದಿಗೆ ಸುಮಾರು 0.2 ವೋಲ್ಟ್. ಮೀಟರಿನಲ್ಲಿ ಅದಕ್ಕಿಂತ ಕಡಿಮೆಯೇ ಕಾಣಬೇಕು. ನನ್ನದರಲ್ಲಿ 1 ವೋಲ್ಟ್ ದಾಟಿತ್ತು. ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನೂ ಎಸಿ ಎಂದು ತೋರಿಸುತ್ತವೆ. ಪ್ರೋಬ್ ತಿರುಗಿಸಿ ಹಿಡಿದಾಗ ಅಂಕೆ ಪೂರ್ತಿ ಬದಲಾದರೆ ಆ ಮೀಟರನ್ನು ನಂಬಬೇಡಿ.

ಕೆಪಾಸಿಟರ್ ಬಿಚ್ಚುವ ಮುಂಚೆ ಪ್ಲಗ್ ತೆಗೆದು ಚಾರ್ಜ್ ಇಳಿಸಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಲೇಬೇಡಿ. 1 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಪ್ರತಿಯೊಂದಕ್ಕೂ ಅರ್ಧ ನಿಮಿಷ ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಿ.

ಹೊಸದನ್ನು ಆರಿಸುವಾಗ ಸಾಮರ್ಥ್ಯ ಮೊದಲಿನಷ್ಟೇ ಇರಲಿ, ಸ್ವಲ್ಪ ಜಾಸ್ತಿಯಾದರೂ ನಡೆಯುತ್ತದೆ. ದುಪ್ಪಟ್ಟು ಹಾಕಿದರೆ ಆನ್ ಮಾಡಿದ ಕ್ಷಣದ ಎಳೆತಕ್ಕೆ ಫ್ಯೂಸ್, ಬ್ರಿಡ್ಜ್ ಬಳಲುತ್ತವೆ. ವೋಲ್ಟೇಜ್ ವಿಷಯದಲ್ಲಿ ಮಾತ್ರ ಧಾರಾಳವಾಗಿರಿ. 220 ವೋಲ್ಟ್‌ಗೆ ಮಾಡಿದ ಆಂಪ್‌ನಲ್ಲಿ ಒಳಗೆ 45 ವೋಲ್ಟ್ ಇದ್ದರೆ, ಲೈನ್ 240ಕ್ಕೆ ಏರಿದಾಗ ಅದು 49 ಆಗುತ್ತದೆ. 50 ವೋಲ್ಟ್‌ನ ಕೆಪಾಸಿಟರ್ ಆಗ ಅಂಚಿನಲ್ಲೇ ನಿಂತಿರುತ್ತದೆ. ಹಳ್ಳಿಯ ಲೈನ್‌ಗಳಲ್ಲಿ ವೋಲ್ಟೇಜ್ ಏರಿಳಿತ ಗೊತ್ತೇ ಇದೆಯಲ್ವಾ? ಅದಕ್ಕೇ ನಾನು 63 ವೋಲ್ಟ್, 105 ಡಿಗ್ರಿ ಬಿಸಿ ತಡೆಯುವಂಥದ್ದನ್ನು ತೆಗೆದುಕೊಂಡೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವುದಾದರೆ ದಪ್ಪ, ಎತ್ತರ, ಕಾಲುಗಳ ಅಂತರ ಅಳೆದು ಬರೆದುಕೊಳ್ಳಿ.

ಇನ್ನು ನಾನು ತಪ್ಪಿದ ಜಾಗ. ಇಂಥ ಆಂಪ್‌ಗಳಲ್ಲಿ ಪ್ಲಸ್ 45, ಮೈನಸ್ 45 ವೋಲ್ಟ್ ಎಂದು ಪವರ್‌ನ ಎರಡು ಸಾಲು ಇರುತ್ತವೆ, ನಡುವಿನ ಸೊನ್ನೆಯೇ ಗ್ರೌಂಡ್. ಮೈನಸ್ ಸಾಲಿನ ಕೆಪಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು. ಗ್ರೌಂಡ್ ಎಂದರೆ ಮೈನಸ್ ಎಂದುಕೊಂಡು ನಾನು ತಿರುಗಿಸಿ ಹಾಕಿದ್ದೆ. ಪುಣ್ಯಕ್ಕೆ ಸೀರೀಸ್ ಬಲ್ಬ್, ಅಂದರೆ ಕರೆಂಟು ಮಿತಿಮೀರದಂತೆ ಲೈನ್ ದಾರಿಯಲ್ಲಿ ಜೋಡಿಸಿದ ಬಲ್ಬ್, ಇತ್ತು. ಅದು ಮಂಕಾಗದೆ ಉರಿಯುತ್ತಲೇ ಇದ್ದಾಗ ತಕ್ಷಣ ಆಫ್ ಮಾಡಿದೆ. ಬಲ್ಬ್ ಇಲ್ಲದಿದ್ದರೆ ಕ್ಯಾನ್ ಸಿಡಿಯಬಹುದಿತ್ತು. ತಿರುಗಿ ಚಾರ್ಜ್ ಆದದ್ದನ್ನು ಮತ್ತೆ ಬಳಸದೆ ಇನ್ನೊಂದು ತಂದೆ. ಈಗ ಬಿಚ್ಚುವ ಮುಂಚೆ ಎರಡು ಫೋಟೋ ತೆಗೆಯುತ್ತೇನೆ.

ಟ್ರಾನ್ಸ್‌ಫಾರ್ಮರ್‌ನ ಸುರುಳಿಯ ನಡುವಿನಿಂದ ಬರುವ ಸೆಂಟರ್ ಟ್ಯಾಪ್ ವೈರ್ ಎರಡು ಕೆಪಾಸಿಟರ್‌ಗಳು ಸೇರುವ ಜಾಗಕ್ಕೇ ಬರಬೇಕು. ಅದನ್ನು ಅನುಕೂಲ ನೋಡಿ ಬೇರೆಡೆ ಬೆಸೆದರೆ ಚಾರ್ಜಿಂಗ್ ಕರೆಂಟು ಆಡಿಯೋ ಗ್ರೌಂಡ್ ಮೂಲಕ ಹರಿಯುತ್ತದೆ. ಹೊಸ ಕೆಪಾಸಿಟರ್ ಹಾಕಿಯೂ ಸದ್ದು ಉಳಿಯುತ್ತದೆ.

ಮೊದಲ ಸಲ ಸ್ಪೀಕರ್ ತೆಗೆದಿಟ್ಟು, 60 ವ್ಯಾಟ್‌ನ ಹಳೇ ತಂತಿಯ ಬಲ್ಬ್ ಸೀರೀಸ್‌ನಲ್ಲಿಟ್ಟು ಆನ್ ಮಾಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಒಮ್ಮೆ ಹೊಳೆದು ಮಂಕಾಗಬೇಕು. ಎರಡೂ ಸಾಲಿನ ವೋಲ್ಟೇಜ್ ಸರಿಸಮ ಇದೆಯೇ ನೋಡಿ. ಆಮೇಲೆ ಬಲ್ಬ್ ತೆಗೆದು ನೇರ ಲೈನ್‌ಗೆ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಧೈರ್ಯವಾಗಿ ಸ್ಪೀಕರ್ ಜೋಡಿಸಿ. ನನ್ನದರಲ್ಲಿ 18 ಬಂತು. ಜೋಡಿಸಿ ಜಿ ತಂತಿ ಮೀಟಿದೆ, ಕೈಯಿಂದ ಒತ್ತಿ ನಿಲ್ಲಿಸಿದೆ. ಆಮೇಲೆ ಕೇಳಿಸಿದ್ದು ಹೊರಗಿನ ಮಳೆಯ ಸದ್ದು ಮಾತ್ರ.