ಇಲಿಮರಿಯ ಕಣ್ಣಿನಿಂದ ಕ್ಯಾನ್ಸರ್ ಔಷಧದವರೆಗೆ: ಸ್ಟ್ಯಾನ್ಲಿ ಕೋಹೆನ್ ಸಂಶೋಧನೆ ಮತ್ತು ಉಲ್ಲೇಖಗಳ ಲೆಕ್ಕ

ಕೊಡಗಿನ ಪದವಿ ಕಾಲೇಜುಗಳಲ್ಲಾಗಲಿ, 2023ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಚಿಕ್ಕ ಅಳುವಾರದಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯದಲ್ಲಾಗಲಿ ವಿಜ್ಞಾನ ಬೋಧಿಸುವವರು ಬಡ್ತಿ ಪಡೆಯಬೇಕಾದರೆ ತಮ್ಮ ಸಂಶೋಧನೆಯನ್ನು ಅಂಕಗಳ ರೂಪದಲ್ಲಿ ತೋರಿಸಬೇಕಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2010ರಲ್ಲಿ ಎಪಿಐ ಎಂಬ ಅಂಕಪದ್ಧತಿಯನ್ನು ತಂದಿತು. 2018ರ ನಿಯಮಾವಳಿಯಲ್ಲಿ, ಪ್ರಬಂಧ ಅಚ್ಚಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳು ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡಿವೆ ಎಂಬ ಅಂಕಿ) ಏರಿದಂತೆಲ್ಲ ಅಂಕವೂ ಏರುವ ಕೋಷ್ಟಕ ಸೇರಿತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕವೂ ಒಂದು ಸಂಸ್ಥೆಯ ಪ್ರಬಂಧಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದನ್ನು ಪರಿಗಣಿಸುತ್ತದೆ. ಈ ಲೆಕ್ಕಾಚಾರ ಎಲ್ಲಿಂದ ಬಂತು, ಒಬ್ಬ ವಿಜ್ಞಾನಿಯ ಬದುಕಿನಲ್ಲಿ ಅದು ಏನನ್ನು ಹಿಡಿಯುತ್ತದೆ, ಏನನ್ನು ಕಾಣದೆ ಬಿಡುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರ ವೃತ್ತಿಜೀವನಕ್ಕಿಂತ ಉತ್ತಮ ಉದಾಹರಣೆ ನನಗೆ ತೋರುವುದಿಲ್ಲ.

ಕೋಹೆನ್ 1922ರ ನವೆಂಬರ್ 17ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಂದೆ ದರ್ಜಿ. ಶುಲ್ಕವಿಲ್ಲದ ಬ್ರೂಕ್ಲಿನ್ ಕಾಲೇಜಿನಲ್ಲಿ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡನ್ನೂ ಓದಿ, ಓಬರ್ಲಿನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, 1948ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದರು. ಅವರ ಪಿಎಚ್‌ಡಿ ವಿಷಯ ಎರೆಹುಳು. ಹೊಟ್ಟೆ ತುಂಬಿದ ಎರೆಹುಳು ತನ್ನ ಸಾರಜನಕದ ತ್ಯಾಜ್ಯವನ್ನು ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ, ಉಪವಾಸ ಬಿದ್ದಾಗ ಅದನ್ನೇ ಯೂರಿಯಾ ರೂಪದಲ್ಲಿ ಹೊರಹಾಕುತ್ತದೆ. ಈ ಬದಲಾವಣೆ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕಾಗಿ ಅವರು ವಿಶ್ವವಿದ್ಯಾಲಯದ ಆವರಣದಲ್ಲಿ ರಾತ್ರಿ ಹೊತ್ತು ಸುಮಾರು 5,000 ಎರೆಹುಳುಗಳನ್ನು ಹೆಕ್ಕಿದರು. ಇಂದಿನ ಅಂಕಪಟ್ಟಿಯಲ್ಲಿ ಈ ವಿಷಯಕ್ಕೆ ದೊಡ್ಡ ಅಂಕ ಬೀಳುತ್ತಿತ್ತೆಂದು ಹೇಳಲಾರೆ. ಆದರೆ ಜೀವಿಯನ್ನು ಇಡಿಯಾಗಿ ನೋಡುವ ಕಣ್ಣು, ಅದರೊಳಗಿನ ಅಣುವನ್ನು ಬೇರ್ಪಡಿಸಬಲ್ಲ ಕೈ, ಈ ಎರಡೂ ಅವರಿಗೆ ಒದಗಿದ್ದು ಇಂಥ ಕೆಲಸದಲ್ಲಿಯೇ.

1950ರ ದಶಕದ ಆರಂಭದಲ್ಲಿ ಅವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿಕ್ಟರ್ ಹ್ಯಾಂಬರ್ಗರ್ ಅವರ ಆಹ್ವಾನದ ಮೇರೆಗೆ 1947ರಲ್ಲಿ ಇಟಲಿಯಿಂದ ಬಂದಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಕೆಲಸ ಮಾಡುತ್ತಿದ್ದರು. ಇಲಿಯ ಒಂದು ಬಗೆಯ ಗೆಡ್ಡೆಯನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿದರೆ ಭ್ರೂಣದ ನರಗಳು ಅಸಾಧಾರಣವಾಗಿ ಬೆಳೆಯುತ್ತವೆ ಎಂಬುದನ್ನೂ, ಗೆಡ್ಡೆಯಿಂದ ಒಸರುವ ಯಾವುದೋ ವಸ್ತು ಇದಕ್ಕೆ ಕಾರಣ ಎಂಬುದನ್ನೂ ಅವರು ಕಂಡುಕೊಂಡಿದ್ದರು. ಆ ವಸ್ತು ಯಾವುದೆಂದು ಹುಡುಕುವುದು ಕೋಹೆನ್ ಅವರ ಪಾಲಿಗೆ ಬಂತು.

ಗೆಡ್ಡೆಯ ಸಾರದಲ್ಲಿ ನ್ಯೂಕ್ಲಿಯಿಕ್ ಆಮ್ಲವೂ ಬೆರೆತಿದ್ದರಿಂದ, ಪರಿಣಾಮ ಅದರದೋ ಪ್ರೋಟೀನಿನದೋ ಎಂಬುದು ಖಚಿತವಾಗಬೇಕಿತ್ತು. ಹಾವಿನ ವಿಷದಲ್ಲಿ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯುವ ಕಿಣ್ವ ಇರುತ್ತದೆಯಾದ್ದರಿಂದ ಕೋಹೆನ್ ಸಾರಕ್ಕೆ ಸ್ವಲ್ಪ ವಿಷ ಬೆರೆಸಿ ನೋಡಿದರು. ನರಗಳ ಬೆಳವಣಿಗೆ ನಿಲ್ಲಬಹುದು ಅಥವಾ ಹಾಗೆಯೇ ಉಳಿಯಬಹುದು ಎಂಬುದು ನಿರೀಕ್ಷೆ; ಆದದ್ದು ಬೆಳವಣಿಗೆ ಮತ್ತಷ್ಟು ಹೆಚ್ಚಿದ್ದು. ಗೆಡ್ಡೆಯ ಸಾರವಿಲ್ಲದೆ ಬರೀ ವಿಷವನ್ನು ಹಾಕಿದಾಗಲೂ ನರತಂತುಗಳು ಚಿಗುರಿದವು, ಏಕೆಂದರೆ ಆ ಪ್ರೇರಕ ವಸ್ತು ವಿಷದಲ್ಲಿ ಗೆಡ್ಡೆಯಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಇದು 1956ರಲ್ಲಿ ಪ್ರಕಟವಾಯಿತು. ಹಾವಿನ ವಿಷಗ್ರಂಥಿಗೆ ಸಸ್ತನಿಗಳಲ್ಲಿ ಸಮಾನವಾದ ಅಂಗ ಜೊಲ್ಲುಗ್ರಂಥಿ ಎಂದು ಯೋಚಿಸಿ ಅವರು ಗಂಡು ಇಲಿಯ ದವಡೆಯಡಿಯ ಜೊಲ್ಲುಗ್ರಂಥಿಯನ್ನು ಪರೀಕ್ಷಿಸಿದರು, ಅಲ್ಲಿಯೂ ಅದು ಹೇರಳವಾಗಿ ಸಿಕ್ಕಿತು. ನರ ಬೆಳೆಸುವ ಈ ವಸ್ತು, ಅಂದರೆ ನರ್ವ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಎನ್‌ಜಿಎಫ್, ಒಂದು ಪ್ರೋಟೀನ್ ಎಂದು ಹೀಗೆ ಖಚಿತವಾಯಿತು. ಮಂಡಲದ ಹಾವುಗಳ ಭಯದಲ್ಲೇ ಕಾಫಿ ತೋಟದ ಕಳೆ ತೆಗೆಯುವ ನಮ್ಮ ಜನರಿಗೆ, ಜೀವ ತೆಗೆಯುವ ವಿಷದೊಳಗೇ ನರ ಬೆಳೆಸುವ ಪ್ರೋಟೀನ್ ಇದೆ ಎಂಬ ಸಂಗತಿ ಇನ್ನೂ ತಲುಪಿಲ್ಲ. ತಲುಪಬೇಕೆಂಬುದು ನನ್ನ ಆಸೆ.

ಇದಾದ ಮೇಲೆ ಬಂದ ಘಟನೆಯೇ ಈ ಲೇಖನದ ತಿರುಳು. ಜೊಲ್ಲುಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಎನ್‌ಜಿಎಫ್‌ಗೆ ಸಂಬಂಧವಿಲ್ಲದ ಒಂದು ಬದಲಾವಣೆ ಕೋಹೆನ್ ಅವರ ಗಮನಕ್ಕೆ ಬಂತು. ಸಾಮಾನ್ಯವಾಗಿ 12ರಿಂದ 14 ದಿನಕ್ಕೆ ಕಣ್ಣು ಬಿಡಬೇಕಾದ ಮರಿಗಳು 7ನೆಯ ದಿನವೇ ಕಣ್ಣು ಬಿಟ್ಟವು. 8ರಿಂದ 10 ದಿನಕ್ಕೆ ಮೂಡಬೇಕಾದ ಹಲ್ಲು 5-6 ದಿನಕ್ಕೇ ಮೂಡಿತು. ಶುದ್ಧೀಕರಿಸಿದ ಎನ್‌ಜಿಎಫ್ ಕೊಟ್ಟರೆ ಹೀಗಾಗುತ್ತಿರಲಿಲ್ಲ. ಹಾಗಾದರೆ ಸಾರದಲ್ಲಿ ಮತ್ತೊಂದು ವಸ್ತು ಇರಲೇಬೇಕು. ನರಗಳ ಅಧ್ಯಯನಕ್ಕೆ ಇಳಿದವರೊಬ್ಬರು ಇದನ್ನು ಕಲ್ಮಶದ ಪರಿಣಾಮವೆಂದು ಬದಿಗಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜೀವರಸಾಯನ ವಿಜ್ಞಾನಿಗೆ ಕಾಯಂ ನೆಲೆ ಸಿಗದೆ 1959ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೊರಟ ಕೋಹೆನ್, ಈ ಬದಿಯ ಸಂಗತಿಯನ್ನೇ ತಮ್ಮ ಮುಖ್ಯ ಕೆಲಸವಾಗಿ ಜೊತೆಗೊಯ್ದರು.

ಇಲಿಮರಿಗಳ ಕಣ್ಣುರೆಪ್ಪೆ ಎಂದು ತೆರೆಯುತ್ತದೆ ಎಂಬುದನ್ನೇ ಅಳತೆಗೋಲಾಗಿಸಿಕೊಂಡು, ಸಾರದ ಪ್ರತಿ ಭಾಗವನ್ನೂ ಮರಿಗಳ ಮೇಲೆ ಪರೀಕ್ಷಿಸುತ್ತಾ, ಅವರು ಆ ಪ್ರೋಟೀನನ್ನು ಬೇರ್ಪಡಿಸಿ 1962ರಲ್ಲಿ ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿದರು. ಅದು ಚರ್ಮದ ಹೊರಪದರದ ಕೋಶಗಳನ್ನು ವಿಭಜನೆಗೆ ಪ್ರೇರೇಪಿಸುತ್ತದೆ ಎಂದು ಗೊತ್ತಾದ ಮೇಲೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಅಂದರೆ ಇಜಿಎಫ್, ಎಂಬ ಹೆಸರು ನಿಂತಿತು. 1960ರ ದಶಕದುದ್ದಕ್ಕೂ ಇದರ ಮೇಲೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ಅದರಲ್ಲಿ 53 ಅಮೈನೋ ಆಮ್ಲಗಳಿವೆ, ಅವು ಇಂಥ ಅನುಕ್ರಮದಲ್ಲಿವೆ ಎಂಬುದು ಪ್ರಕಟವಾದದ್ದು 1972ರಲ್ಲಿ, ಅಂದರೆ ಮೊದಲ ಪ್ರಬಂಧ ಬಂದು 10 ವರ್ಷಗಳ ಬಳಿಕ.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಳತೆಯ ಮಿತಿ ಇಲ್ಲಿ ಎದ್ದು ಕಾಣುತ್ತದೆ. ಒಂದು ಪತ್ರಿಕೆ ಹಿಂದಿನ 2 ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡಿವೆ ಎಂಬುದಷ್ಟೇ ಆ ಅಂಕಿ. ಇಜಿಎಫ್‌ನ ಬೆಲೆ ಲೋಕಕ್ಕೆ ತಿಳಿಯಲು 10ರಿಂದ 20 ವರ್ಷ ಬೇಕಾಯಿತು. 2 ವರ್ಷದ ಕಿಂಡಿಯಿಂದ ನೋಡುವವರಿಗೆ 1962ರ ಪ್ರಬಂಧ ಇಲಿಮರಿಗಳ ಹಲ್ಲು ಮತ್ತು ಕಣ್ಣಿನ ಬಗೆಗಿನ ಒಂದು ಕುತೂಹಲದ ಬರಹವಾಗಿ ಮಾತ್ರ ಕಾಣುತ್ತಿತ್ತು.

1970ರ ದಶಕದ ಮಧ್ಯದಿಂದ ಚಿತ್ರ ಬೇಗ ಬದಲಾಯಿತು. 1975ರಲ್ಲಿ ಕೋಹೆನ್ ಮತ್ತು ಗ್ರಹಾಂ ಕಾರ್ಪೆಂಟರ್ ಮಾನವ ಮೂತ್ರದಿಂದ ಮಾನವ ಇಜಿಎಫ್ ಬೇರ್ಪಡಿಸಿದರು. ಕೋಶದ ಮೇಲ್ಮೈಯಲ್ಲಿ ಅದು ಹೋಗಿ ಅಂಟಿಕೊಳ್ಳುವ ಗ್ರಾಹಕವಿದೆ ಎಂದು ತೋರಿಸಿದರು. ಆ ಗ್ರಾಹಕವು ಇಜಿಎಫ್ ಅಂಟಿದೊಡನೆ ಕಿಣ್ವದಂತೆ ವರ್ತಿಸಿ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸುತ್ತದೆ ಎಂಬುದು 1978ರಲ್ಲಿ, ಆ ಜೋಡಣೆ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ನಡೆಯುತ್ತದೆ ಎಂಬುದು 1980ರಲ್ಲಿ ತಿಳಿಯಿತು. ಹೊರಗಿನಿಂದ ಬಂದ ಸಂದೇಶವನ್ನು ಕೋಶ ಒಳಗೆ ಹೇಗೆ ಓದಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಇದು ಮೊದಲ ಸ್ಪಷ್ಟ ಉತ್ತರಗಳಲ್ಲೊಂದು. 1984ರಲ್ಲಿ ಲಂಡನ್ನಿನ ಮೈಕೆಲ್ ವಾಟರ್‌ಫೀಲ್ಡ್ ಅವರ ತಂಡ ಮತ್ತು ಸಹೋದ್ಯೋಗಿಗಳು, ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ವಂಶವಾಹಿಯು ಇದೇ ಗ್ರಾಹಕದ ತುಂಡಾದ ರೂಪವನ್ನು ಹೋಲುತ್ತದೆ ಎಂದು ತೋರಿಸಿದರು. ಬೆಳವಣಿಗೆ ಮತ್ತು ಕ್ಯಾನ್ಸರ್ ಒಂದೇ ಯಂತ್ರಾಂಗದ ಎರಡು ಸ್ಥಿತಿಗಳೆಂಬುದು ಅಲ್ಲಿಗೆ ಸ್ಪಷ್ಟವಾಯಿತು, ಗ್ರೋತ್ ಫ್ಯಾಕ್ಟರ್‌ಗಳ ಮೇಲಿನ ಪ್ರಬಂಧಗಳೂ ಉಲ್ಲೇಖಗಳೂ ಪ್ರವಾಹದಂತೆ ಹೆಚ್ಚಿದವು. 1986ರಲ್ಲಿ ಕೋಹೆನ್ ಮತ್ತು ಲೆವಿ-ಮೊಂಟಾಲ್ಚಿನಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಹ್ಯಾಂಬರ್ಗರ್ ಅವರನ್ನು ಕೈಬಿಟ್ಟದ್ದು ಇಂದಿಗೂ ಚರ್ಚೆಯ ವಿಷಯವಾಗಿದೆ.

ಉಲ್ಲೇಖ ಎಣಿಸುವ ಪದ್ಧತಿ ಬೆಳೆದದ್ದೂ ಇದೇ ವರ್ಷಗಳಲ್ಲಿ. ಅಮೆರಿಕದ ವಕೀಲರು ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿ ಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ಹುಡುಕಲು 1873ರಿಂದಲೇ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಸೂಚಿಯನ್ನು ಬಳಸುತ್ತಿದ್ದರು. ಅದೇ ಮಾದರಿಯ ಸೂಚಿ ವಿಜ್ಞಾನಕ್ಕೂ ಬೇಕೆಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. 1964ರಲ್ಲಿ ಅವರ ಫಿಲಡೆಲ್ಫಿಯಾದ ಸಂಸ್ಥೆ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರತಂದಿತು. ಒಂದು ಕೆಲಸ ಮುಂದೆ ಯಾರ ಕೈಗೆ ಹೋಯಿತು, ಅದರಲ್ಲಿನ ತಪ್ಪನ್ನು ಯಾರಾದರೂ ತಿದ್ದಿದರೇ ಎಂದು ಪತ್ತೆ ಹಚ್ಚುವ ಸಾಧನವಾಗಿ ಅದು ಹುಟ್ಟಿತು. ವ್ಯಕ್ತಿಗಳಿಗೆ ಅಂಕ ಕೊಡುವ ಬಳಕೆ ಆಮೇಲೆ ಅಂಟಿಕೊಂಡಿತು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಎಚ್-ಇಂಡೆಕ್ಸ್ ಸೂಚಿಸಿದ ಮೇಲಂತೂ ಒಬ್ಬರ ಇಡೀ ಜೀವನದ ಕೆಲಸ ಒಂದೇ ಅಂಕಿಗೆ ಇಳಿಯಿತು. ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 20. ಆ 20ರಲ್ಲಿ ಒಂದು ಪ್ರಬಂಧ ಹತ್ತು ಸಾವಿರ ಬಾರಿ ಉಲ್ಲೇಖಗೊಂಡಿದ್ದರೂ ಅಂಕಿ ಕದಲುವುದಿಲ್ಲ.

ಈ ಎಣಿಕೆಯಲ್ಲಿ ಎಲ್ಲರಿಗಿಂತ ಮೇಲೆ ನಿಂತ ಪ್ರಬಂಧ ಹುಟ್ಟಿದ್ದು ಕೋಹೆನ್ ಇದ್ದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿಯೇ ಎಂಬುದು ಗಮನಾರ್ಹ. ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ, ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವ ವಿಧಾನದ ಪ್ರಬಂಧ ಅದು. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ 100 ಪ್ರಬಂಧಗಳ ಪಟ್ಟಿ ಮಾಡಿದಾಗ, 3,05,000ಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ ಅದು ಮೊದಲ ಸ್ಥಾನದಲ್ಲಿತ್ತು. ಆ ನೂರರೊಳಗೆ ಸೇರಲು 12,000ಕ್ಕೂ ಹೆಚ್ಚು ಉಲ್ಲೇಖ ಬೇಕಾಗಿದ್ದರಿಂದ ನೊಬೆಲ್ ತಂದುಕೊಟ್ಟ ಅನೇಕ ಮಹತ್ವದ ಪ್ರಬಂಧಗಳು ಪಟ್ಟಿಯಲ್ಲಿ ಇರಲೇ ಇಲ್ಲ. ಲೌರಿ ಅವರ ವಿಧಾನ ನಿಜಕ್ಕೂ ಉಪಯುಕ್ತ. ತಮ್ಮ ಕೆಲಸಗಳಲ್ಲಿ ಅದೇ ಶ್ರೇಷ್ಠವೆಂದು ಮಾತ್ರ ಲೌರಿ ಅವರೇ ಭಾವಿಸಿರಲಿಲ್ಲ. ಉಲ್ಲೇಖದ ಎಣಿಕೆ ಬಳಕೆಯನ್ನು ಅಳೆಯುತ್ತದೆ. ಹೊಸ ದಾರಿ ತೆರೆದದ್ದು ಯಾವುದು ಎಂಬುದನ್ನು ಅಳೆಯುವ ಶಕ್ತಿ ಅದಕ್ಕಿಲ್ಲ ಎಂಬುದು ಇದರಿಂದ ನನಗೆ ಸ್ಪಷ್ಟವಾಗುತ್ತದೆ.

ಎಣಿಕೆ ಸದಾ ಮೋಸಗೊಳಿಸುತ್ತದೆ ಎಂದು ಹೇಳುವುದೂ ಸರಿಯಲ್ಲ. ಓಬರ್ಲಿನ್‌ನಲ್ಲಿಯೇ ಓದಿದ ಅನಿತಾ ರಾಬರ್ಟ್ಸ್, ಮೈಕೆಲ್ ಸ್ಪೋರ್ನ್ ಅವರೊಂದಿಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಟಿಜಿಎಫ್-ಬೀಟಾ ಎಂಬ ಮತ್ತೊಂದು ಗ್ರೋತ್ ಫ್ಯಾಕ್ಟರಿನ ಸ್ವಭಾವವನ್ನು ಬಿಡಿಸಿಟ್ಟರು. ಅದು ಗಾಯ ಮಾಯಿಸಲು ನೆರವಾಗುತ್ತದೆ, ಸಂದರ್ಭ ಬದಲಾದರೆ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ, ಮಿತಿ ಮೀರಿದರೆ ಅಂಗಾಂಶವನ್ನು ಗಡುಸಾಗಿಸುತ್ತದೆ. ರಾಬರ್ಟ್ಸ್ 2005ರ ವೇಳೆಗೆ ಜಗತ್ತಿನ ಅತಿ ಹೆಚ್ಚು ಉಲ್ಲೇಖಿತ ವಿಜ್ಞಾನಿಗಳ ಮೊದಲ 50ರ ಸಾಲಿನಲ್ಲಿದ್ದರು. ಕೆಲಸದ ಗುಣ ಮತ್ತು ಎಣಿಕೆ ಅಲ್ಲಿ ಒಟ್ಟಿಗೆ ನಡೆದವು, ಏಕೆಂದರೆ ಕೋಹೆನ್ ಮತ್ತು ಲೆವಿ-ಮೊಂಟಾಲ್ಚಿನಿ ತೆರೆದ ಕ್ಷೇತ್ರದಲ್ಲಿ ಆ ಹೊತ್ತಿಗೆ ಓದುಗರೂ ಬಳಸುವವರೂ ತುಂಬಿದ್ದರು.

ಇನ್ನೊಂದು ವಿಚಿತ್ರವೂ ಇದೆ. ಒಂದು ಶೋಧ ಪೂರ್ತಿಯಾಗಿ ಗೆದ್ದಾಗ ಅದರ ಮೂಲ ಪ್ರಬಂಧವನ್ನು ಉಲ್ಲೇಖಿಸುವುದೇ ನಿಂತುಹೋಗುತ್ತದೆ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಇಂದು ವೈದ್ಯರು ಇಜಿಎಫ್‌ಆರ್ ಪರೀಕ್ಷೆ, ಅಂದರೆ ಇಜಿಎಫ್ ಗ್ರಾಹಕದ ಪರೀಕ್ಷೆ, ಬರೆಯುತ್ತಾರೆ, ಆ ಗ್ರಾಹಕದಲ್ಲಿ ನಿರ್ದಿಷ್ಟ ಬದಲಾವಣೆ ಕಂಡರೆ ಜೆಫಿಟಿನಿಬ್ ಅಥವಾ ಎರ್ಲೊಟಿನಿಬ್‌ನಂಥ ಮಾತ್ರೆ ಕೊಡುತ್ತಾರೆ. ಅದೇ ಗ್ರಾಹಕವನ್ನು ಅಡ್ಡಗಟ್ಟುವ ನಿಮೊಟುಜುಮ್ಯಾಬ್ ಎಂಬ ಔಷಧವನ್ನು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗಾಗಿ, ಬೆಂಗಳೂರಿನ ಬಯೋಕಾನ್ 2006ರಲ್ಲಿ ಮಾರುಕಟ್ಟೆಗೆ ತಂದಿತು. ಮಾಯದ ಸಕ್ಕರೆ ಕಾಯಿಲೆಯ ಹುಣ್ಣಿಗೆ ಹಚ್ಚುವ ಇಜಿಎಫ್ ಜೆಲ್ ಅನ್ನು ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದೆ. ಸೋಮವಾರಪೇಟೆಯಿಂದಲೋ ವಿರಾಜಪೇಟೆಯಿಂದಲೋ ಮೈಸೂರು, ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ರೋಗಿಯ ವರದಿಯಲ್ಲಿ ಇಜಿಎಫ್‌ಆರ್ ಎಂಬ ಅಕ್ಷರಗಳಿರುತ್ತವೆ, ಕೋಹೆನ್ ಹೆಸರು ಇರುವುದಿಲ್ಲ. ಯಾವ ಸೂಚಿಯೂ ಈ ಬಳಕೆಯನ್ನು ಎಣಿಸುವುದಿಲ್ಲ.

ಕೊಡಗಿನಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಕಾಫಿ ಸಂಶೋಧನೆಯದು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಕಾಂಜೆನ್ಸಿಸ್ ಮತ್ತು ರೊಬಸ್ಟಾ ಸೇರಿಸಿ ರೂಪಿಸಿದ ಸಿಎಕ್ಸ್‌ಆರ್ ತಳಿ ಇಂದು ಇಲ್ಲಿನ ಎಷ್ಟೋ ತೋಟಗಳಲ್ಲಿದೆ. ಬೆಳೆಗಾರರು ಗಿಡ ನೆಡುತ್ತಾರೆ, ಪ್ರಬಂಧ ಉಲ್ಲೇಖಿಸುವುದಿಲ್ಲ. ಚೆಟ್ಟಳ್ಳಿಯ ಉಪಕೇಂದ್ರದಲ್ಲಿ ಮಣ್ಣು, ನೆರಳು, ಕಾಯಿಕೊರಕದ ಬಗ್ಗೆ ಕೆಲಸ ಮಾಡುವವರ ಓದುಗರು ಬಹುಪಾಲು ಬೆಳೆಗಾರರೇ ಆದ್ದರಿಂದ, ಅವರ ಕೆಲಸ ಎಷ್ಟೇ ಉಪಕಾರಿಯಾದರೂ ಜಾಗತಿಕ ಎಣಿಕೆಯಲ್ಲಿ ಅದು ಮೇಲೇರುವುದು ಕಷ್ಟ.

2012ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಮತ್ತು ವಿಜ್ಞಾನಿಗಳು, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಗಳ ನೇಮಕಾತಿ, ಬಡ್ತಿ, ಅನುದಾನಗಳಿಗೆ ಅಳತೆಗೋಲಾಗಿ ಬಳಸಬಾರದೆಂದು ಡೋರಾ ಎಂಬ ಘೋಷಣೆ ಸಿದ್ಧಪಡಿಸಿದರು. ಅನೇಕ ದೇಶಗಳ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ನಮ್ಮಲ್ಲಿ 2018ರಲ್ಲಿ ಬಂದ ಕೋಷ್ಟಕ ಆ ಘೋಷಣೆಗೆ ತದ್ವಿರುದ್ಧವಾದ ದಿಕ್ಕಿನದು. ಕೋಹೆನ್ ತಮ್ಮ 97ನೆಯ ವಯಸ್ಸಿನಲ್ಲಿ, 2020ರ ಫೆಬ್ರವರಿ 5ರಂದು ನ್ಯಾಶ್‌ವಿಲ್‌ನಲ್ಲಿ ನಿಧನರಾದರು. 1962ರಿಂದ 1972ರವರೆಗೆ ಅವರನ್ನು ಉಳಿಸಿಕೊಂಡು, ಒಂದೇ ಪ್ರೋಟೀನಿನ ಬೆನ್ನು ಹತ್ತಲು ಬಿಟ್ಟ ವಿಭಾಗದ ನಿರ್ಧಾರ ಯಾವ ಸೂಚ್ಯಂಕದಿಂದಲೂ ಬರಲು ಸಾಧ್ಯವಿರಲಿಲ್ಲ. ಅವರ ಪ್ರಯೋಗಗಳನ್ನು ಓದಿ ಅರ್ಥ ಮಾಡಿಕೊಂಡ ಜನ ಅಲ್ಲಿದ್ದರು. ಕೊಡಗಿನ ಹೊಸ ವಿಶ್ವವಿದ್ಯಾಲಯವು ಆಯ್ಕೆ ಸಮಿತಿಗಳನ್ನು ರಚಿಸುವಾಗ, ಅಂಕಪಟ್ಟಿಯ ಜೊತೆಗೆ ಅಭ್ಯರ್ಥಿ ತಾನೇ ಆರಿಸಿಕೊಟ್ಟ ಎರಡು ಮೂರು ಪ್ರಬಂಧಗಳನ್ನು ಸಮಿತಿಯ ಸದಸ್ಯರು ಪೂರ್ತಿಯಾಗಿ ಓದಿ, ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ದಾಖಲಿಸಬೇಕೆಂಬ ಕ್ರಮವನ್ನು ತರಬೇಕು. ಅದಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ.