ಸತಿಪಟ್ಠಾನ: ಪರಿಚಯದ ಪದಗಳಲ್ಲೇ ಎಡವದಿರಲು ಒಂದಿಷ್ಟು ಟಿಪ್ಪಣಿ

ಸತಿಪಟ್ಠಾನ ಸುತ್ತ (ಅರಿವಿನ ಅಭ್ಯಾಸದ ಬಗ್ಗೆ ಬುದ್ಧನ ಉಪದೇಶ) ಓದಲು ಕೂತವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಾಯ, ವೇದನಾ, ಚಿತ್ತ, ಧಮ್ಮ ಎಂಬ ನಾಲ್ಕು ಭಾಗಗಳ ಹೆಸರೂ ನಮಗೆ ಗೊತ್ತಿರುವಂತೆಯೇ ಕೇಳಿಸುತ್ತವೆ. ಎಡವುವುದೂ ಅಲ್ಲೇ.

ಮೊದಲು 'ಸತಿ'. ಸತಿಪತಿಯ ಸತಿ ಅಲ್ಲ! ಸಂಸ್ಕೃತದ ಸ್ಮೃತಿ ಪಾಳಿಯಲ್ಲಿ (ಈ ಸುತ್ತ ಇರುವ ಭಾಷೆ) ಸತಿ ಆಗಿದೆ, ಅಂದರೆ ಮೂಲದಲ್ಲಿ ನೆನಪು. ಪಾಳಿ ವಿದ್ವಾಂಸ ರೈಸ್ ಡೇವಿಡ್ಸ್ 1881ರಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಪದ ಬಳಸಿದರು, ಈಗ ಅದೇ ಪದ ಮೊಬೈಲ್ ಆ್ಯಪ್‌ಗಳಲ್ಲೆಲ್ಲ ಓಡಾಡುತ್ತಿದೆ. ಮನಸ್ಸು ಖಾಲಿ ಮಾಡಿಕೊಳ್ಳುವುದು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಈಗ ಏನು ನಡೆಯುತ್ತಿದೆ ಎಂಬುದನ್ನು ಮರೆಯದಿರುವುದು. ಹಾಲಿನ ಪಾತ್ರೆಯ ಮುಂದೆಯೇ ನಿಂತಿರುತ್ತೇವೆ, ಕಣ್ಣೂ ಅದರ ಮೇಲೇ ಇರುತ್ತದೆ, ಆದರೂ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಗುತ್ತದೆ, ಅಲ್ವಾ? ಅಲ್ಲಿ ಇಲ್ಲದೇ ಹೋದದ್ದೇ ಸತಿ.

ಕುರು ದೇಶದ ಕಮ್ಮಾಸಧಮ್ಮ ಎಂಬ ಊರಿನಲ್ಲಿ ಬುದ್ಧ ಇದನ್ನು ಹೇಳಿದ್ದು ಎನ್ನುತ್ತದೆ ಸುತ್ತ (ಮಜ್ಝಿಮ ನಿಕಾಯ ಎಂಬ ಸುತ್ತಗಳ ಸಂಗ್ರಹದಲ್ಲಿ 10ನೆಯದು). ಮೊದಲ ಭಾಗ ಕಾಯ, ಅಂದರೆ ದೇಹ. ಅದು ಉಸಿರಿನಿಂದ ಶುರು. ಉದ್ದ ಉಸಿರಾದರೆ ಉದ್ದ, ಗಿಡ್ಡವಾದರೆ ಗಿಡ್ಡ ಎಂದು ತಿಳಿಯುವುದು, ಮೊದಲ ಹೆಜ್ಜೆ ಅಷ್ಟೇ. ಪ್ರಾಣಾಯಾಮ ಕಲಿತವರು ಇಲ್ಲಿ ಉಸಿರನ್ನು ತಿದ್ದಲು ಹೋಗುತ್ತಾರೆ, ಬೇಡ. ಸುತ್ತದ ಹೋಲಿಕೆ ಮರ ಕಡೆಯುವವನದು: ಉದ್ದಕ್ಕೆ ಎಳೆದಾಗ ಉದ್ದ ಎಳೆದೆ ಎಂದು ಅವನ ಕೈಗೆ ಗೊತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ನೋಡಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ.

ಆಮೇಲೆ ಬರುವ ಪಟ್ಟಿ ನನಗೆ ಇಷ್ಟ. ನಡೆಯುವಾಗ, ತಿರುಗಿ ನೋಡುವಾಗ, ಕೈಕಾಲು ಮಡಚುವಾಗ, ಚಾಚುವಾಗ, ಉಣ್ಣುವಾಗ, ಅಗಿಯುವಾಗ, ಮಲಮೂತ್ರಕ್ಕೆ ಹೋದಾಗ, ಮಾತಾಡುವಾಗ, ಸುಮ್ಮನಿರುವಾಗ ಕೂಡ ಅರಿವಿರಲಿ ಎನ್ನುತ್ತದೆ. ಕಕ್ಕಸನ್ನೂ ಬಿಟ್ಟಿಲ್ಲ ನೋಡಿ! ಧ್ಯಾನಕ್ಕೆ ಟೈಮಿಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ಆ ಪಟ್ಟಿಯಲ್ಲಿ 'ಚಾಚುವಾಗ' ಎಂಬುದನ್ನು ಹಿಡಿದುಕೊಳ್ಳಿ. ಫೋನಿಗೆ ಕೈ ಚಾಚಿದ್ದು ಯಾವಾಗ, ಯಾಕೆ? ಇದಕ್ಕೆ ಉತ್ತರ ಎರಡನೇ ಭಾಗವಾದ ವೇದನಾದಲ್ಲಿದೆ. ಕನ್ನಡದಲ್ಲಿ ವೇದನೆ ಅಂದರೆ ನೋವು. ಪಾಳಿಯಲ್ಲಿ ಹಾಗಲ್ಲ, ಹಿತ, ಅಹಿತ, ಎರಡೂ ಅಲ್ಲದ್ದು ಎಂದು ಮೂರೂ ವೇದನೆಯೇ. ಚೂಳವೇದಲ್ಲ ಎಂಬ ಇನ್ನೊಂದು ಸುತ್ತದಲ್ಲಿ ಧಮ್ಮದಿನ್ನಾ ಎಂಬ ಭಿಕ್ಷುಣಿ ವಿಶಾಖನೆಂಬ ಗೃಹಸ್ಥನಿಗೆ ಹೇಳುತ್ತಾಳೆ: ಹಿತದ ಹಿಂದೆ ಆಸೆ ಅಡಗಿರುತ್ತದೆ, ಅಹಿತದ ಹಿಂದೆ ಸಿಟ್ಟು, ಮೂರನೆಯದರ ಹಿಂದೆ ಅವಿಜ್ಜಾ, ಅಂದರೆ ತಿಳಿಯದಿರುವಿಕೆ. ಬಸ್ಸಿಗೆ ಕಾಯುತ್ತಿದ್ದೇವೆ, ಖುಷಿಯೂ ಇಲ್ಲ, ಬೇಜಾರೂ ಇಲ್ಲ, ಅಷ್ಟರಲ್ಲಿ ಫೋನ್ ಕೈಯಲ್ಲಿದೆ. ಯಾವಾಗ ಬಂತೋ ಗೊತ್ತಿಲ್ಲ. ನನ್ನ ಮಟ್ಟಿಗೆ ಜಾಸ್ತಿ ಅಭ್ಯಾಸ ಬೇಕಿರುವುದು ಈ ಮೂರನೆಯದಕ್ಕೇ.

ನಾಲ್ಕನೆಯ ಭಾಗವಾದ ಧಮ್ಮದಲ್ಲಿ (ಗಮನಿಸಬೇಕಾದ ಸಂಗತಿಗಳು) ಐದು ನೀವರಣ (ಮನಸ್ಸಿಗೆ ಅಡ್ಡ ಬರುವವು), ಏಳು ಬೋಜ್ಝಂಗ (ಬೋಧಿಯತ್ತ ಒಯ್ಯುವ ಗುಣಗಳು) ಎಲ್ಲ ಬರುತ್ತವೆ. ಶುರುವಿನಲ್ಲೇ ಅದನ್ನು ಬಾಯಿಪಾಠ ಮಾಡಬೇಕಿಲ್ಲ.

ಚಿತ್ತದ ಭಾಗದಿಂದ ಒಂದೇ ಸಾಲು ಸಾಕು: ಚದುರಿದ ಮನಸ್ಸನ್ನು ಚದುರಿದ ಮನಸ್ಸು ಎಂದು ತಿಳಿಯುವುದು. ನಾನು ಪಾತ್ರೆ ತೊಳೆಯುವ ಕೆಲಸವನ್ನು ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ. ಮೂರನೇ ತಟ್ಟೆ ಬರುವಷ್ಟರಲ್ಲಿ ಮನಸ್ಸು ಆಫೀಸಿನಲ್ಲಿರುತ್ತದೆ. ಮೊದಮೊದಲು ಇದನ್ನು ಸೋಲು ಅಂದುಕೊಂಡು ನನ್ನ ಮೇಲೇ ರೇಗುತ್ತಿದ್ದೆ. ಈಗ 'ಚದುರಿದೆ' ಅಂದುಕೊಂಡು ನಾಲ್ಕನೇ ತಟ್ಟೆಗೆ ಕೈ ಹಾಕುತ್ತೇನೆ.