ಗ್ರಾವೆಲ್ ಸೈಕ್ಲಿಂಗ್ ಅಂದರೆ ಏನು?

ಡಾಂಬರು ಕಾಣದ, ಆದರೆ ಚಕ್ರ ಹೂತುಹೋಗದಷ್ಟು ಗಟ್ಟಿಯಾದ ಜಲ್ಲಿ ಅಥವಾ ಮಣ್ಣಿನ ರಸ್ತೆಯಲ್ಲಿ ದೂರದೂರ ಸೈಕಲ್ ತುಳಿಯುವುದಕ್ಕೆ ಗ್ರಾವೆಲ್ ಸೈಕ್ಲಿಂಗ್ ಅನ್ನುತ್ತಾರೆ. ನುಣುಪಾದ ಡಾಂಬರಿನ ಮೇಲೆ ಓಡಿಸಿದರೆ ಅದು ರೋಡ್ ಸೈಕ್ಲಿಂಗ್. ಬೆಟ್ಟದ ಕಡಿದಾದ ಕಾಲುದಾರಿಯಲ್ಲಿ ಕಲ್ಲು, ಬೇರು ದಾಟಿಕೊಂಡು ಇಳಿದರೆ ಮೌಂಟನ್ ಬೈಕಿಂಗ್. ಗ್ರಾವೆಲ್ ಇವೆರಡರ ನಡುವಿನದು. ಸಾಮಾನ್ಯವಾಗಿ ಇಷ್ಟು ಹೇಳಿ, ಆಮೇಲೆ ಯಾವ ಸೈಕಲ್ ಕೊಳ್ಳಬೇಕು ಅನ್ನುವ ಮಾತಿಗೆ ಹೋಗಿಬಿಡುತ್ತಾರೆ. ನನ್ನನ್ನು ಕೇಳಿದರೆ, ಈ ಪದ ಅರ್ಥವಾಗಬೇಕಾದರೆ ರಸ್ತೆಯಿಂದಲೇ ಶುರು ಮಾಡಬೇಕು. ಆ ರಸ್ತೆಯನ್ನು ಯಾರು ಹಾಕಿದರು? ಯಾವ ಕೆಲಸಕ್ಕೆ ಹಾಕಿದರು? ಅಲ್ಲಿಗೆ ಕಾರು, ಬಸ್ಸು ಯಾಕೆ ಬರುವುದಿಲ್ಲ?

ಒಂದು ಜಾಗ ನೋಡೋಣ. ಇಂಗ್ಲೆಂಡಿನ ಉತ್ತರ ತುದಿಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡು ಕೀಲ್ಡರ್ ಅನ್ನುವ ಕಾಡಿದೆ. ವಿಸ್ತಾರ 600 ಚದರ ಕಿ.ಮೀ.ಗೂ ಜಾಸ್ತಿ. ಮನುಷ್ಯರು ನೆಟ್ಟು ಬೆಳೆಸಿದ ಕಾಡುಗಳಲ್ಲಿ ಇಂಗ್ಲೆಂಡಿಗೇ ದೊಡ್ಡದು. ಮೊದಲನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿಗೆ ಮರದ ಕೊರತೆಯ ಬಿಸಿ ಚೆನ್ನಾಗಿಯೇ ತಟ್ಟಿತ್ತು. ಅದಕ್ಕೇ 1919ರಲ್ಲಿ ಅಲ್ಲಿ ಅರಣ್ಯ ಆಯೋಗ ಹುಟ್ಟಿತು. 1926ರಲ್ಲಿ ಕೀಲ್ಡರ್‌ನಲ್ಲಿ ಸಸಿ ನೆಡಲು ಶುರು ಮಾಡಿದರು. ಕುರಿ ಮೇಯುತ್ತಿದ್ದ ಬೋಳು ಗುಡ್ಡಗಳ ಮೇಲೆ ಸಾಲುಸಾಲಾಗಿ ಸ್ಪ್ರೂಸ್ ಅನ್ನುವ ಸೂಜಿಯೆಲೆಯ ಮರಗಳು ಎದ್ದವು. ಅದರಲ್ಲಿ ಜಾಸ್ತಿ ಇರುವುದು ಸಿಟ್ಕಾ ಸ್ಪ್ರೂಸ್, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದ ಜಾತಿ.

ಮರ ನೆಟ್ಟ ಮೇಲೆ ಒಂದಲ್ಲ ಒಂದು ದಿನ ಕಡಿಯಬೇಕು. ಕಡಿದದ್ದನ್ನು ಹೊರಗೆ ಸಾಗಿಸಬೇಕು. ದಿಮ್ಮಿ ತುಂಬಿದ ದೊಡ್ಡ ಲಾರಿ 40 ಟನ್ ತೂಗುತ್ತದೆ. ಅದು ಗುಡ್ಡ ಹತ್ತಬೇಕಾದರೆ ಏರು ತೀರಾ ಕಡಿದಾಗಿರಬಾರದು. ತಿರುವು ಅಗಲವಾಗಿರಬೇಕು. ಮಳೆ ನೀರು ರಸ್ತೆ ಮೇಲೆ ನಿಲ್ಲಬಾರದು. ಹಾಗಾಗಿ ಕೆಳಗೆ ದಪ್ಪ ಕಲ್ಲು ಹಾಸಿ, ಮೇಲೆ ಸಣ್ಣ ಜಲ್ಲಿ ಮತ್ತು ಪುಡಿ ಹಾಕಿ, ಉರುಳೆ ಓಡಿಸಿ, ನಡುವೆ ಸ್ವಲ್ಪ ಉಬ್ಬು ಬಿಟ್ಟು, ಬದಿಗೆ ಚರಂಡಿ ತೆಗೆದು ರಸ್ತೆ ಮಾಡುತ್ತಾರೆ. ಡಾಂಬರು ಹಾಕುವುದಿಲ್ಲ, ಯಾಕೆಂದರೆ ಮರ ಸಾಗಿಸಲು ಅದು ಬೇಕಿಲ್ಲ. ಇಷ್ಟೆಲ್ಲ ಲಾರಿಗೋಸ್ಕರ ಮಾಡಿದ್ದು. ಆದರೆ ಒಂದೊಂದನ್ನೂ ಸೈಕಲ್ಲಿನ ಕಣ್ಣಿನಿಂದ ನೋಡಿ. ಹದವಾದ ಏರು, ಅಗಲವಾದ ತಿರುವು, ನೀರು ನಿಲ್ಲದ ಗಟ್ಟಿ ನೆಲ. ಇನ್ನೇನು ಬೇಕು?

ರಸ್ತೆಯ ಬಾಯಲ್ಲಿ ಒಂದು ಅಡ್ಡ ಗೇಟು ಇರುತ್ತದೆ. ಕಾಡಿನ ಕೆಲಸದ ಲಾರಿ, ಜೀಪು ಬಂದಾಗ ಮಾತ್ರ ಅದರ ಬೀಗ ತೆಗೆಯುತ್ತಾರೆ. ಪಕ್ಕದಲ್ಲಿ ನಡೆಯುವವರು, ಸೈಕಲ್ಲಿನವರು ತೂರಿಕೊಳ್ಳುವಷ್ಟು ಸಂದು. ‘ವಾಹನಗಳಿಲ್ಲದ ದಾರಿ’ ಅನ್ನುವುದು ಇಷ್ಟೇ, ಒಂದು ಗೇಟು ಮತ್ತು ಅದರ ಪಕ್ಕದ ಸಂದು. ಆ ಸಂದು ದಾಟಿದ ಮೇಲೆ ಹಿಂದಿನಿಂದ ಹಾರ್ನ್ ಬರುವುದಿಲ್ಲ, ಕೈಮಗ್ಗುಲಿಗೆ ಲಾರಿ ಉಜ್ಜಿಕೊಂಡು ಹೋಗುವುದಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಬೆಳಿಗ್ಗೆ ಐದಕ್ಕೇ ಎದ್ದು ಸೈಕಲ್ ತುಳಿಯುವವರಿಗೆ ಇದರ ಬೆಲೆ ಎಷ್ಟು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹಾಗಂತ ಅಲ್ಲಿ ಒಂದೂ ಗಾಡಿ ಕಾಣುವುದಿಲ್ಲ ಅಂತಲ್ಲ. ಮರ ಕಡಿಯುವ ಭಾಗದಲ್ಲಿ ಯಂತ್ರ ಇರುತ್ತದೆ, ಲಾರಿ ಓಡಾಡುತ್ತದೆ. ಆಗ ರಸ್ತೆ ಮುಚ್ಚಿ ಫಲಕ ನಿಲ್ಲಿಸುತ್ತಾರೆ. ಭಾನುವಾರ ಯಾರೂ ಇಲ್ಲ ಅಂತ ಫಲಕ ದಾಟಿ ಹೋಗುವುದಾಗಲಿ, ಒಟ್ಟಿದ ದಿಮ್ಮಿ ರಾಶಿ ಹತ್ತಿ ಫೋಟೊ ತೆಗೆಯುವುದಾಗಲಿ ಜೀವಕ್ಕೇ ಕುತ್ತು. ಇನ್ನು ಕೀಲ್ಡರ್ ಕ್ಯಾಸಲ್‌ನಿಂದ ಹೊರಡುವ ಸುಮಾರು 19 ಕಿ.ಮೀ.ನ ಒಂದು ಜಲ್ಲಿ ರಸ್ತೆಯಲ್ಲಿ ಸುಂಕ ಕಟ್ಟಿದ ಕಾರುಗಳೂ ಹೋಗಬಹುದು. ಮೊದಲ ಸಲ ಹೋಗುವವರಿಗೆ ಸುಲಭದ ದಾರಿ ಬೇಕಾದರೆ ಕಾಡಿನ ನಡುವಿನ ಕೀಲ್ಡರ್ ಜಲಾಶಯವನ್ನು ಸುತ್ತುವ ಸುಮಾರು 42 ಕಿ.ಮೀ. ದಾರಿ ಇದೆ. ಗಟ್ಟಿಗರಿಗೆ 2016ರಿಂದ ‘ಡರ್ಟಿ ರೀವರ್’ ಅನ್ನುವ ಸವಾರಿ ನಡೆಯುತ್ತಿದೆ. ಪೂರ್ತಿ ದೂರ 200 ಕಿ.ಮೀ., ಹೆಚ್ಚುಕಮ್ಮಿ ಎಲ್ಲವೂ ಇಂಥ ಕಾಡು ರಸ್ತೆಗಳಲ್ಲೇ. ರೀವರ್ ಅಂದರೆ ಹಿಂದೆ ಆ ಗಡಿಯಲ್ಲಿ ದನಕರು ಹೊಡೆದುಕೊಂಡು ಹೋಗುತ್ತಿದ್ದ ದರೋಡೆಕೋರರು.

ಗ್ರಾವೆಲ್ ಅನ್ನುವ ಹೆಸರು ಚಾಲ್ತಿಗೆ ಬಂದದ್ದು ಮಾತ್ರ ಅಮೆರಿಕದಿಂದ. ಅಲ್ಲಿ ರಸ್ತೆಗಳ ಸುಮಾರು ಮೂರನೇ ಒಂದು ಪಾಲಿಗೆ ಇವತ್ತಿಗೂ ಡಾಂಬರಿಲ್ಲ. ಕ್ಯಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಅನ್ನುವ ಹುಲ್ಲುಗುಡ್ಡಗಳಲ್ಲಿ 2006ರಲ್ಲಿ 34 ಸವಾರರೊಂದಿಗೆ 200 ಮೈಲಿಯ, ಅಂದರೆ ಸುಮಾರು 320 ಕಿ.ಮೀ.ನ ಸೈಕಲ್ ಓಟ ಶುರುವಾಯಿತು. ಈಗ ‘ಅನ್‌ಬೌಂಡ್ ಗ್ರಾವೆಲ್’ ಅಂತ ಕರೆಸಿಕೊಳ್ಳುವ ಆ ಓಟಕ್ಕೆ ಸಾವಿರಾರು ಜನ ಬರುತ್ತಾರೆ. ಅಲ್ಲಿನ ನೆಲದಲ್ಲಿ ಚಕಮಕಿ ಕಲ್ಲು ತುಂಬಿದೆ. ನೇಗಿಲು ಇಳಿಯದ ಕಾರಣ ಹೆಚ್ಚಿನ ಭಾಗವನ್ನು ಯಾರೂ ಉತ್ತು ಹೊಲ ಮಾಡಲಿಲ್ಲ, ಹುಲ್ಲುಗಾವಲು ದನಗಳಿಗೆ ಉಳಿಯಿತು. ಅದೇ ಕಲ್ಲಿನ ಚೂಪು ಅಂಚು ಸವಾರರ ಟೈರನ್ನು ಬದಿಯಲ್ಲಿ ಸೀಳುತ್ತದೆ.

ಇಟಲಿಯ ಟಸ್ಕನಿಯಲ್ಲಿ ಇದಕ್ಕಿಂತ ಮೊದಲೇ ಇಂಥದ್ದೊಂದು ಶುರುವಾಗಿತ್ತು. ದ್ರಾಕ್ಷಿ ತೋಟಗಳ ನಡುವಿನ ಬಿಳಿ ಮಣ್ಣಿನ ರಸ್ತೆಗಳಿಗೆ ಒಂದೊಂದಾಗಿ ಡಾಂಬರು ಬೀಳುತ್ತಿದ್ದಾಗ, ಅವನ್ನು ಉಳಿಸಿಕೊಳ್ಳಬೇಕು ಅಂತ 1997ರಲ್ಲಿ ‘ಎರೊಯಿಕಾ’ ಅನ್ನುವ ಹಳೇ ಸೈಕಲ್ಲುಗಳ ಸವಾರಿ ಮೊದಲಾಯಿತು. ಡಾಂಬರು ಬೇಡ ಅನ್ನುವುದಕ್ಕೂ ಜನ ಸೇರುತ್ತಾರೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ವಿಶ್ವ ಚಾಂಪಿಯನ್‌ಷಿಪ್ ಬಂದದ್ದು ಎಷ್ಟೋ ಆಮೇಲೆ, 2022ರಲ್ಲಿ. ಅದು ನಡೆದದ್ದೂ ಇಟಲಿಯಲ್ಲೇ.

ಈಗ ಸೈಕಲ್ಲಿಗೆ ಬರೋಣ. ದೂರದಿಂದ ಗ್ರಾವೆಲ್ ಬೈಕು ರೇಸ್ ಸೈಕಲ್ಲಿನ ಹಾಗೇ ಕಾಣುತ್ತದೆ, ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತದೆ. ಹತ್ತಿರ ಹೋಗಿ ಟೈರು ಹಿಡಿದು ನೋಡಿ. ರೇಸ್ ಸೈಕಲ್ಲಿನ ಟೈರು ಸಾಮಾನ್ಯವಾಗಿ 25ರಿಂದ 28 ಮಿ.ಮೀ. ಅಗಲ, ಹೆಬ್ಬೆಟ್ಟಿನಲ್ಲಿ ಒತ್ತಿದರೆ ಅಲುಗುವುದೇ ಇಲ್ಲ. ಇದರದ್ದು 40 ಮಿ.ಮೀ. ಆಸುಪಾಸು, ಕೆಲವರದು 50. ಗಾಳಿ 30–40 ಪಿಎಸ್‌ಐ ಸಾಕು, ಒತ್ತಿದರೆ ಸ್ವಲ್ಪ ತಗ್ಗುತ್ತದೆ. ತಗ್ಗಬೇಕು ಕೂಡ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದ ಚಕ್ರಕ್ಕೆ ನೆಲದ ಹಿಡಿತ ಇರುವುದಿಲ್ಲ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ಅದುಮಿಕೊಂಡು ಮುಂದೆ ಹೋಗುತ್ತದೆ. ಒಳಗೆ ಟ್ಯೂಬ್ ಬದಲು ಒಂದಿಷ್ಟು ದ್ರವ ಹಾಕುವುದು ಈಗ ರೂಢಿ. ಸಣ್ಣ ತೂತು ಬಿದ್ದರೆ ಆ ದ್ರವ ಚಿಮ್ಮಿ ಬಂದು ಅಲ್ಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ, ಎಷ್ಟೋ ಸಲ ಪಂಕ್ಚರ್ ಆದದ್ದೇ ಗೊತ್ತಾಗುವುದಿಲ್ಲ. ಟೈರು ಸೀಳಿದರೆ ಮಾತ್ರ ಇದು ನಡೆಯಲ್ಲ. ಅದಕ್ಕೇ ಜೊತೆಗೊಂದು ಟ್ಯೂಬ್ ಇರಲೇಬೇಕು.

ಗೇರು ಇನ್ನೊಂದು ಮುಖ್ಯ ವಿಷಯ. ಅದು ಅರ್ಥವಾಗಬೇಕಾದರೆ ಈ ಸವಾರಿಯ ನೆಲ ಹೇಗಿರುತ್ತದೆ ಅಂತ ಗೊತ್ತಿರಬೇಕು. ನಂದಿ ಬೆಟ್ಟದ ಥರ ಒಂದೇ ಉದ್ದನೆಯ ಏರಲ್ಲ ಇದು. ಒಂದು ದಿಬ್ಬ ಹತ್ತಿ ಇಳಿದರೆ ಇನ್ನೊಂದು, ಅದು ಇಳಿದರೆ ಮತ್ತೊಂದು. ಯಾವುದೂ ದೊಡ್ಡದಲ್ಲ, ಆದರೆ ಕಾಲಿಗೆ ಬಿಡುವೂ ಇಲ್ಲ. ಡಾಂಬರಿನ ಮೇಲಾದರೆ ಸೀಟಿನಿಂದ ಎದ್ದು ನಿಂತು ನಾಲ್ಕು ಸಲ ಜೋರಾಗಿ ತುಳಿದು ದಿಬ್ಬ ದಾಟಬಹುದು. ಸಡಿಲ ಜಲ್ಲಿಯ ಮೇಲೆ ಎದ್ದ ಕೂಡಲೇ ಹಿಂದಿನ ಚಕ್ರದ ಮೇಲಿನ ಭಾರ ಕಮ್ಮಿಯಾಗುತ್ತದೆ, ಚಕ್ರ ಇದ್ದಲ್ಲೇ ತಿರುಗಿ ಜಾರುತ್ತದೆ. ಹಾಗಾಗಿ ಕೂತೇ ತುಳಿಯಬೇಕು, ಒಂದೇ ಸಮನೆ ತುಳಿಯಬೇಕು. ಇದಕ್ಕೆ ಬಹಳ ಹಗುರದ ಗೇರು ಬೇಕು. ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 40 ಹಲ್ಲು, ಹಿಂದಿನ ಹಲ್ಲುಚಕ್ರಕ್ಕೆ 42 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಸುಮಾರು ಎರಡು ಮೀಟರ್ ಮಾತ್ರ ಮುಂದೆ ಹೋಗುತ್ತದೆ. ನಿಧಾನವೇ, ಆದರೆ ಕಾಲು ಸೋಲುವುದಿಲ್ಲ.

ಇಳಿಯುವಾಗ ನೋಟ ಹತ್ತು ಮಾರು ಮುಂದಿರಲಿ. ಗಾಡಿಯ ಚಕ್ರ ಓಡಿದ ಎರಡು ಗೆರೆಗಳಲ್ಲಿ ನೆಲ ಗಟ್ಟಿ, ನಡುವೆ ಮತ್ತು ತಿರುವಿನ ಹೊರ ಅಂಚಿನಲ್ಲಿ ಜಲ್ಲಿ ಸಡಿಲ. ಬ್ರೇಕನ್ನು ತಿರುವಿಗೆ ಮೊದಲೇ ಹಾಕಿಕೊಳ್ಳಬೇಕು. ತಿರುಗುತ್ತಿರುವಾಗ ಮುಂದಿನ ಬ್ರೇಕ್ ಹಿಡಿದರೆ ಬಿದ್ದಿರಿ ಅಂತಲೇ ಲೆಕ್ಕ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ಸೈಕಲ್ ಅತ್ತಿತ್ತ ಸ್ವಲ್ಪ ಅಲ್ಲಾಡಿದರೆ ಅಲ್ಲಾಡಲಿ, ತಾನೇ ದಾರಿ ಹಿಡಿಯುತ್ತದೆ.

ಹಳೇ ರೈಲು ಹಳಿ ಕಿತ್ತು ಮಾಡಿದ ದಾರಿಗಳನ್ನೂ ಈ ಪದದೊಳಗೆ ಸೇರಿಸುವುದುಂಟು. ಅಮೆರಿಕದ ಮಿಸೌರಿ ರಾಜ್ಯದ ಕೇಟಿ ಟ್ರೇಲ್ ಅಂಥದ್ದು, ಸುಮಾರು 385 ಕಿ.ಮೀ. ಉದ್ದ. ಅಲ್ಲೂ ಕಾರಿಲ್ಲ, ಸುಣ್ಣಕಲ್ಲಿನ ಪುಡಿ ಹಾಸಿದ ದಾರಿ. ಆದರೆ ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ದಾರಿ ಹೆಚ್ಚುಕಮ್ಮಿ ಸಮತಟ್ಟು. ಮಕ್ಕಳ ಜೊತೆ ಹೋಗಲು ಒಳ್ಳೆಯದು. ದಿಬ್ಬಗಳ ಸೊಗಸು ಅಲ್ಲಿ ಸಿಗಲ್ಲ.

ನಮ್ಮಲ್ಲಿ ಹೇಗೆ ಅಂತ ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ಕುದುರೆ ದಾರಿಗಳಲ್ಲಿ ಸೈಕಲ್ ಹೋಗಬಹುದು ಅಂತ 1968ರ ಕಾಯ್ದೆಯೇ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯಿಂದ ಬಹುತೇಕ ಎಲ್ಲ ಬಯಲು, ಗುಡ್ಡ, ಕಾಡುಗಳಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕಿದೆ. ನಮ್ಮಲ್ಲಿ ಅಂಥ ಹಕ್ಕಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಅದು ಸರಿಯೂ ಹೌದು, ಆನೆ ಇರುವ ಕಡೆ ಸದ್ದಿಲ್ಲದೆ ಬರುವ ಸೈಕಲ್ ಎರಡೂ ಕಡೆಯವರಿಗೆ ಅಪಾಯ. ಸಕಲೇಶಪುರ, ಕೊಡಗಿನ ಎಸ್ಟೇಟ್ ರಸ್ತೆಗಳು ಈ ಸವಾರಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಅವು ಖಾಸಗಿ, ಮಾಲೀಕರನ್ನು ಕೇಳಿಯೇ ಹೋಗಬೇಕು. ಆನೆ ಬಂದಿದೆಯಾ ಅಂತಲೂ ಅವರನ್ನೇ ಕೇಳಬೇಕು. ಬಯಲುಸೀಮೆಯಲ್ಲಿ ಕೆರೆ ಏರಿಗಳಿವೆ, ಮಂಡ್ಯದ ಕಡೆ ನಾಲೆ ಏರಿಗಳಿವೆ, ಊರಿಂದ ಊರಿಗೆ ಹೋಗುವ ಬಂಡಿ ದಾರಿಗಳಿವೆ. ನಾಲೆ ಪಕ್ಕ ತಡೆಗೋಡೆ ಇಲ್ಲದ ಕಡೆ ಹುಷಾರು. ಮಲೆನಾಡಿನ ಕೆಂಪು ಮಣ್ಣಿನ ರಸ್ತೆ ಬೇಸಿಗೆಯಲ್ಲಿ ಚೆನ್ನ, ಮಳೆಗಾಲದಲ್ಲಿ ಬರೀ ಜಾರು.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಕೀಲ್ಡರ್ ಏನೂ ಹುಲಿ ಇರುವ ಕಾಡಲ್ಲ, ಮರಕ್ಕೋಸ್ಕರ ನೆಟ್ಟ ದೊಡ್ಡ ತೋಪು. ನಮ್ಮ ಅರಣ್ಯ ಅಭಿವೃದ್ಧಿ ನಿಗಮಕ್ಕೂ ನೀಲಗಿರಿ, ಅಕೇಶಿಯಾ ನೆಡುತೋಪುಗಳಿವೆ. ಅಲ್ಲೂ ಲಾರಿಗೆ ಮಾಡಿದ ದಾರಿಗಳಿವೆ. ಚಾರಣಕ್ಕೆ ಅರಣ್ಯ ಇಲಾಖೆ ಈಗಾಗಲೇ ಆನ್‌ಲೈನ್ ಬುಕಿಂಗ್ ಕೊಡುತ್ತದೆ. ಆನೆ ಓಡಾಡದ ನೆಡುತೋಪು ಯಾವುದು ಅಂತ ನೋಡಿ, ಹಗಲು ಹೊತ್ತು, ಇಂತಿಷ್ಟೇ ಜನ ಅಂತ ಮಿತಿ ಹಾಕಿ, ಶುಲ್ಕ ಪಡೆದು ಅಂಥ ಒಂದೆರಡು ದಾರಿಗಳನ್ನು ಸೈಕಲ್ಲಿಗೂ ತೆರೆಯಬಹುದು. ಹೊಸ ರಸ್ತೆ ಹಾಕುವುದು ಬೇಕಿಲ್ಲ. ಗೇಟಿನ ಪಕ್ಕ ಸಂದು ಬಿಟ್ಟರೆ ಆಯಿತು.